ನಡುಗೋಡೆಯ ತೂಕ

ಮಾರ್ಚ್ 2, ಭಾನುವಾರ. ಬೆಳಿಗ್ಗೆ 7

ಇಪ್ಪತ್ತೊಂಬತ್ತು ಗ್ರಾಂ. ಹೋದ ವಾರ ಇಪ್ಪತ್ತೆಂಟಿತ್ತು. ಏರುತ್ತಲೇ ಇದೆ, ದರಿದ್ರದ್ದು.

ಒಣಗಿದಾಗ ಇಪ್ಪತ್ತು. ಬರೆದಿಟ್ಟಿರುತ್ತೇನೆ, ನನಗೇ ಮರೆಯುವ ಕಾಲ ಬರುತ್ತದೆ. ಅಂಗೈ ಅಗಲದ ನಾಲ್ಕು ಬ್ಲಾಟಿಂಗ್ ಪೇಪರು. ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ ತೂಗುವುದು. ಶನಿವಾರ ಸಂಜೆ ನಡುಗೋಡೆಯ ಬುಡಕ್ಕೆ ಒತ್ತಿ, ಮೇಲೊಂದು ಹಲಗೆ, ಹಲಗೆಗೆ ಕಬ್ಬಿಣದ ಗಟ್ಟಿ ಆನಿಸಿ ಬಿಡುವುದು. ಭಾನುವಾರ ಬೆಳಿಗ್ಗೆ ತೆಗೆದು ಮತ್ತೆ ತೂಗುವುದು. ಹೆಚ್ಚಾದದ್ದೆಷ್ಟೋ ಅಷ್ಟು ಗೋಡೆ ಬಿಟ್ಟ ನೀರು. ಅಪ್ಪ ಕಲಿಸಿದ್ದು. ಬೈಂಡಿಂಗ್ ಮಾಡುವವರ ಮನೆ ಬಿಟ್ಟು ಬೇರೆಲ್ಲೂ ಇಂಥ ಹುಚ್ಚು ಇರಲಾರದು.

ಕೆಳಗಿನ ಕೋಣೆ ಅರ್ಧ ಮಣ್ಣಿನೊಳಗಿದೆ. ಹಿಂದಿನ ಗೋಡೆಗೆ ದಿಬ್ಬವೇ ಆತುಕೊಂಡು ಕೂತಿದೆ. ದಿಬ್ಬಕ್ಕೆ ಬಿದ್ದ ನೀರೆಲ್ಲ ನಮ್ಮ ಅಡಿಪಾಯದ ವಿಳಾಸ ಹುಡುಕಿಕೊಂಡು ಬರುತ್ತದೆ. ಅಪ್ಪ ಕಟ್ಟಿದಾಗ ಇದು ಒಂದೇ ಮನೆ. ನಾವು ಅಕ್ಕತಂಗಿಯರಿಬ್ಬರದೂ ಮದುವೆಯಾದ ಮೇಲೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದರು, ಮೇಲೂ ಕೆಳಗೂ. ಬಲಗಡೆ ನಾನು. ಎಡಗಡೆ ತಂಗಿ.

ಅಂಟಿನ ಡಬ್ಬಿಯಲ್ಲಿ ಬೂಷ್ಟು. ಎಸೆದೆ. ನಿನ್ನೆ ಕತ್ತರಿಸಿಟ್ಟ ರಟ್ಟು ಬೆಳಗಾಗುವಷ್ಟರಲ್ಲಿ ಬಾಗಿ ದೋಣಿ.

ಆ ಕಡೆಯಿಂದ ಮತ್ತೆ ಟಕ್. ಪ್ರತಿ ಭಾನುವಾರ ಏಳಕ್ಕೆ ಸರಿಯಾಗಿ ಗೋಡೆಗೆ ಅದೇನು ಬಡಿಯುತ್ತಾಳೋ. ನನ್ನನ್ನು ಕೆಣಕುವುದಕ್ಕೇ ಇರಬೇಕು. ಮಾತು ಬಿಟ್ಟು ಮೂರು ವರ್ಷವಾಯಿತು, ಸದ್ದು ಮಾತ್ರ ಬಿಟ್ಟಿಲ್ಲ.

ಮಾರ್ಚ್ 5

ದಾಖಲೆ ಕಚೇರಿಯ ಮೇಡಂ ಬಂದಿದ್ದರು. ಹಳೆಯ ಜನನ ಮರಣ ರಿಜಿಸ್ಟರುಗಳು, ಮುನ್ನೂರ ಹನ್ನೆರಡು. ಬೆನ್ನು ಕಿತ್ತುಹೋಗಿವೆ, ಹಾಳೆ ಸಡಿಲ. ಬಿಚ್ಚಿ, ತೇಪೆ ಹಾಕಿ, ಮತ್ತೆ ಹೊಲಿದು ಕಟ್ಟಬೇಕು. ಹದಿನಾಲ್ಕು ತಿಂಗಳ ಕೆಲಸ. ಇಡೀ ಊರಿನಲ್ಲಿ ಕೈಹೊಲಿಗೆ ಗೊತ್ತಿರುವುದು ನನಗೊಬ್ಬಳಿಗೇ ಅಂತ ಹುಡುಕಿಕೊಂಡು ಬಂದದ್ದು. ಒಳಗೊಳಗೇ ಉಬ್ಬಿಹೋದೆ.

ಆಮೇಲೆ ಬ್ಯಾಗಿನಿಂದ ಗಾಳಿಯ ತೇವ ಅಳೆಯುವ ಪುಟ್ಟದೊಂದು ಮೀಟರ್ ತೆಗೆದು ಮೇಜಿನ ಮೇಲಿಟ್ಟರು. ಎಪ್ಪತ್ತೆಂಟು.

"ಇಷ್ಟು ಥಂಡಿ ಇರೋ ಕಡೆ ನಾನು ಒಂದು ಹಾಳೇನೂ ಬಿಟ್ಟುಹೋಗೋಕಾಗಲ್ಲ. ಅರವತ್ತರ ಕೆಳಗೆ ಬರ್ಬೇಕು. ಏಪ್ರಿಲ್ ಹದಿನಾಲ್ಕಕ್ಕೆ ಮತ್ತೆ ಬರ್ತೀನಿ."

"ಬರದೇ ಇದ್ರೆ?"

"ಬೇರೆ ಊರಿಗೆ ಕಳಿಸ್ತೀವಿ. ಬೇಜಾರ್ ಮಾಡ್ಕೋಬೇಡಿ."

ಮಾಡಿಕೊಂಡೆ. ಶಾಲೆ ಕಾಲೇಜಿನ ಕೆಲಸವೆಲ್ಲ ಸ್ಪೈರಲ್ ಹಾಕುವ ಅಂಗಡಿಗೆ ಹೋಗಿ ಎಷ್ಟೋ ಕಾಲವಾಯಿತು. ಇದೂ ಕೈಬಿಟ್ಟರೆ ಬಾಗಿಲು ಎಳೆದುಕೊಳ್ಳುವುದೇ. ಅಪ್ಪನ ಬೈಂಡಿಂಗ್ ಪ್ರೆಸ್ಸಿಗೆ ಎಣ್ಣೆ ಹಾಕಿ, ಬಟ್ಟೆ ಹೊದಿಸಿ, ಮೇಲೆ ಹೋಗಿ ಟೀವಿ ಮುಂದೆ ಕೂರುವುದು. ನಾನಂತೂ ಕೂರುವವಳಲ್ಲ.

ಮಾರ್ಚ್ 8

ಕೋಟಿಂಗ್ ಕಂಪನಿಯವನು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟ್ಯಾಬು. ಗೋಡೆಗಿಂತ ಟ್ಯಾಬನ್ನೇ ಹೆಚ್ಚು ನೋಡಿದ. ಒಳಗಡೆಯಿಂದ ಹಳೆ ಪ್ಲಾಸ್ಟರ್ ಕೆರೆದು, ಬಿರುಕು ತುಂಬಿ, ಸಿಮೆಂಟಿನಂಥದೇ ಒಂದು ಲೇಪ ಎರಡು ಸಲ ಬಳಿಯುವುದು: ಹಿಂದಿನ ಗೋಡೆಗೆ, ನೆಲಕ್ಕೆ, ನಡುಗೋಡೆಗೆ ಎದೆಮಟ್ಟದವರೆಗೆ. ನಾಲ್ಕು ದಿನ. ಅರವತ್ತೆರಡು ಸಾವಿರ. ಗೋಡೆಗೆ ಸಾಲಾಗಿ ತೂತು ಕೊರೆದು ಕೆಮಿಕಲ್ ಇಂಜೆಕ್ಷನ್ ಕೊಡುವುದಾದರೆ ಒಂದು ಲಕ್ಷ ಹತ್ತು.

"ಹತ್ತು ವರ್ಷ ಗ್ಯಾರಂಟಿ ಮೇಡಂ. ಒಂದು ಹನಿ ಒಳಗೆ ಬರಲ್ಲ."

"ಬರದೇ ಇರೋ ಹನಿ ಎಲ್ಲಿಗೆ ಹೋಗತ್ತೆ?" ಅಂತ ಇವರು ಕೇಳಿದರು. ಮೂವತ್ತು ವರ್ಷ ಬಸ್ಸು ಓಡಿಸಿದವರು, ಎಲ್ಲದಕ್ಕೂ ರೂಟ್ ಬೇಕು.

ಅವನು ಹಲ್ಲು ಕಿರಿದ. "ಅದರ ಪಾಡಿಗೆ ಅದು ಹೋಗತ್ತೆ ಸರ್."

ಮಾರ್ಚ್ 10

ಹಳೇ ಗಾರೆ ಕೆಲಸದವನು ಬಂದ. ಗೋಡೆಯನ್ನು ಬೆರಳ ಗಂಟಿನಿಂದ ತಟ್ಟುತ್ತಾನೆ, ಕಿವಿ ಹಚ್ಚಿ ಕೇಳುತ್ತಾನೆ, ಮತ್ತೆ ತಟ್ಟುತ್ತಾನೆ. ಮನಸ್ಸಿನಲ್ಲೇ ಕಿವಿಯಪ್ಪ ಅಂತ ಹೆಸರಿಟ್ಟೆ. ಮುಕ್ಕಾಲು ಗಂಟೆ ಇದೇ. ನನಗೆ ಕೆಲಸ ಬಿಟ್ಟು ನಿಂತು ನಿಂತು ಕಾಲು ಸೋತು ಹೋಯಿತು.

ಕೊನೆಗೆ ಹೇಳಿದ. "ಒಳಗಿಂದ ಬಳಿದ್ರೆ ನೀರೇನು ಹೋಗೋದಿಲ್ಲಮ್ಮ. ದಾರಿ ಬದಲಾಯಿಸ್ತದೆ ಅಷ್ಟೆ. ಹೊರಗಿಂದ ಮಾಡ್ಬೇಕು."

ಹೊರಗಿಂದ ಅಂದರೆ: ಮನೆಯ ಹಿಂದೆ ಅಡಿಪಾಯದ ಬುಡ ಕಾಣುವ ತನಕ ಅಗೆಯುವುದು. ಗೋಡೆ ತೊಳೆದು ಒಣಗಿಸಿ, ಸಂದು ಮುಚ್ಚಿ, ಟಾರು ಬಳಿದು, ಅದರ ಮೇಲೆ ದಪ್ಪ ಹಾಳೆ ಅಂಟಿಸುವುದು. ಬುಡದಲ್ಲಿ ತೂತಿನ ಪೈಪು, ಸುತ್ತ ಜಲ್ಲಿ. ಬಂದ ನೀರು ಪೈಪಿಗಿಳಿದು ಬೀದಿಯ ಚರಂಡಿಗೆ.

"ಎಷ್ಟಾಗತ್ತೆ?"

"ಇಡೀ ಹಿಂಬದಿಗೆ ಮೂರು ಲಕ್ಷ ಇಪ್ಪತ್ತು. ನಿಮ್ಮ ಅರ್ಧಕ್ಕೆ ಮಾತ್ರ ಅಂದ್ರೆ ಒಂದು ತೊಂಬತ್ತೈದು. ಆದ್ರೆ ಅರ್ಧ ನಾನು ಮಾಡಲ್ಲ. ಚರಂಡಿ ಇರೋದು ಎಡಗಡೆ. ಪೈಪು ಆ ಮನೆ ಹಿಂದಿಂದ್ಲೇ ಹೋಗ್ಬೇಕು. ಅವರನ್ನ ಒಂದು ಮಾತು ಕೇಳಿ."

"ಅವರನ್ನ ಕೇಳೋದು ಆಗಲ್ಲ."

"ಯಾರಮ್ಮ ಅವರು?"

"ನನ್ನ ತಂಗಿ."

ಕಿವಿಯಪ್ಪ ನನ್ನ ಮುಖ ನೋಡಿದ. ಗೋಡೆ ಕೇಳಿದಷ್ಟೇ ಹೊತ್ತು. ಚಹಾ ಕುಡಿದು ಹೋದ.

ಮಾರ್ಚ್ 12

ಇವರು ಇವತ್ತು ಮೆಲ್ಲಗೆ ಶುರು ಮಾಡಿದರು. "ಒಂದು ಮಾತು ಕೇಳಿದ್ರೆ ಏನು ಗಂಟು ಹೋಗತ್ತೆ?"

ಗಂಟೇ ಹೋಗುತ್ತದೆ. ಅಪ್ಪ ಹೋಗಿ ಎರಡು ತಿಂಗಳಾಗಿರಲಿಲ್ಲ, ಪುಸ್ತಕ ಹೊಲಿಯುವ ಅಪ್ಪನ ಫ್ರೇಮನ್ನು ಗುಜರಿಗೆ ಹಾಕಿದಳು. ಪ್ರೆಸ್ಸು ನನಗೆ, ಫ್ರೇಮು ಅವಳಿಗೆ ಅಂತ ಅಪ್ಪನೇ ಹಂಚಿಕೊಟ್ಟದ್ದು. ನಾವಿಬ್ಬರೂ ಅದರ ಎದುರು ಬದುರು ಕೂತು ಹೊಲಿಗೆ ಕಲಿತದ್ದು. ಅವಳ ಟಾಕು ನನ್ನದಕ್ಕಿಂತ ನೇರ. ಅಪ್ಪ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ಆ ಫ್ರೇಮನ್ನು ಗುಜರಿ ಗಾಡಿಯವನು ತಲೆಕೆಳಗಾಗಿ ಹೊತ್ತುಕೊಂಡು ಹೋಗುವುದನ್ನು ಬೀದಿಯಲ್ಲಿ ನಿಂತು ನೋಡಿದೆ. ಅಲ್ಲೇ, ಜನರೆದುರಿಗೇ ಅಂದೆ — ಅಪ್ಪನ ಮಗಳೇ ಅಲ್ಲ ನೀನು.

ಅವಳು ಬಾಗಿಲು ಹಾಕಿಕೊಂಡಳು. ಆವತ್ತಿಂದ ಇವತ್ತಿನವರೆಗೆ ಅಷ್ಟೇ.

ಗಂಡಸರಿಗೆ ಮಾತ್ರ ಏನೂ ಆಗಿಲ್ಲ. ಷಡ್ಡಕರಿಬ್ಬರೂ ದಿನಾ ಸಂಜೆ ಐದಕ್ಕೆ ಮುಂದಿನ ಜಗುಲಿಯಲ್ಲಿ ಕೇರಂ ಆಡುತ್ತಾರೆ. ತಂಗಿಯ ಗಂಡ ಗಡಿಯಾರ ರಿಪೇರಿಯವನು, ಐದು ಅಂದರೆ ಐದೇ. ಅವರಿಬ್ಬರ ನಡುವೆ ಒಪ್ಪಂದವಾಗಿದೆಯಂತೆ: ಹೆಂಡಂದಿರ ವಿಷಯ ಬೋರ್ಡಿನ ಮೇಲೆ ಬರಕೂಡದು. ಮೂರು ವರ್ಷದಿಂದ ಒಂದು ಮಾತು ಆ ಕಡೆಯಿಂದ ಈ ಕಡೆಗೆ ಸೋರಿಲ್ಲ. ಗೋಡೆಗಿಂತ ಇವರೇ ಗಟ್ಟಿ.

ಕೋಟಿಂಗಿನವನಿಗೆ ಫೋನ್ ಮಾಡಿದೆ. ಸೋಮವಾರ ಬಾ ಎಂದೆ.

ಮಾರ್ಚ್ 20

ನಾಲ್ಕು ದಿನದಿಂದ ಧೂಳು ತಿಂದು ಬದುಕಿದ್ದೇವೆ. ಮುಗಿಯಿತು. ಗೋಡೆ ಬೂದು ಬಣ್ಣ, ನುಣ್ಣಗೆ, ಆಸ್ಪತ್ರೆಯ ಹಾಗೆ. ಕೈ ಇಟ್ಟರೆ ಬೆಚ್ಚಗೆ ಅನ್ನಿಸಿತು. ಇವರು "ಭ್ರಮೆ" ಅಂದರು. ಇರಲಿ, ಅರವತ್ತೆರಡು ಸಾವಿರಕ್ಕೆ ಅಷ್ಟಾದರೂ ಭ್ರಮೆ ಬೇಡವೆ?

ಮಾರ್ಚ್ 30, ಭಾನುವಾರ

ಇಪ್ಪತ್ತೆರಡು!! ಎರಡು ಸಲ ತೂಗಿದೆ. ತಕ್ಕಡಿ ಕೆಟ್ಟಿದೆಯೇನೋ ಅಂತ ಹೊಸ ಪೆನ್ಸಿಲ್ ಇಟ್ಟು ನೋಡಿದೆ, ಸರಿಯಾಗಿದೆ.

ಹಾಡಿಕೊಂಡು ಮೆಟ್ಟಿಲು ಹತ್ತಿದೆನಂತೆ. ಇವರು ಗಾಬರಿಯಾಗಿ ಅಡುಗೆಮನೆಯಿಂದ ಬಂದರು.

ಆ ಕಡೆ ಟಕ್. ಬಡಿದುಕೋ ತಾಯಿ, ಇವತ್ತು ನನಗೆ ಕೋಪವಿಲ್ಲ.

ಏಪ್ರಿಲ್ 14

ಐವತ್ತೈದು. ಮೇಡಂ ಮೀಟರನ್ನು ಮೂರು ಮೂಲೆಗಳಲ್ಲಿಟ್ಟು ನೋಡಿದರು. ಮೊದಲ ಅರವತ್ತು ರಿಜಿಸ್ಟರು ಇಳಿದವು. ಕೈ ಕುಲುಕಿದರು. ನನ್ನ ಕೈತುಂಬ ಅಂಟು, ಪಾಪ.

ಏಪ್ರಿಲ್ 23

ಮೂರು ದಿನದಿಂದ ಮಳೆ. ಕೂತು ಹೊಲಿಯುತ್ತಿದ್ದೇನೆ. ಗೋಡೆ ಒಣ. ನೆಲ ಒಣ. ರಟ್ಟು ನೆಟ್ಟಗೆ. ಜೀವಮಾನದಲ್ಲಿ ಮೊದಲ ಸಲ ಮಳೆಯ ಸದ್ದು ಕೇಳಿಯೂ ರಟ್ಟು ಎತ್ತಿಡಲು ಎದ್ದು ಓಡಲಿಲ್ಲ.

ಒಂದು ಹಾಳೆಯಲ್ಲಿ ಅವಳಿ ಹೆಣ್ಣುಮಕ್ಕಳು, ಹತ್ತು ನಿಮಿಷದ ಅಂತರ. ಅದೇ ರಿಜಿಸ್ಟರಿನ ಕೊನೆಯಲ್ಲಿ ಒಬ್ಬಳ ಮರಣ. ಓದಬಾರದು ಅಂದುಕೊಂಡೇ ಓದುತ್ತೇನೆ.

ಆ ಕಡೆ ಏನನ್ನೋ ಎಳೆದಾಡುವ ಸದ್ದು. ಕಪಾಟಿರಬೇಕು. ಮಳೆ ಹಿಡಿದ ಮೇಲೆ ಮನೆ ಸ್ವಚ್ಛ ಮಾಡುವ ಉತ್ಸಾಹ. ಇರಲಿ.

ಮೇ 6. ಸಂಜೆ

ಎಲ್ಲಿಂದ ಬರೆಯಲಿ.

ಜಗುಲಿಗೆ ಚಹಾ ಕೊಡಲು ಹೋದೆ. ಷಡ್ಡಕರು ಜಗಳವಾಡುತ್ತಿದ್ದರು. ಸ್ಟ್ರೈಕರ್ ನೇರ ಹೋಗುತ್ತಿಲ್ಲ. ಇವರು ಹೊಡೆದದ್ದು ಅಡ್ಡ ತಿರುಗಿ ಅವನ ಕಾಯಿಗೆ ಬಡಿಯುತ್ತದೆ. ಒಬ್ಬರು ಪೌಡರ್ ಕಡಿಮೆ ಅಂತಾರೆ, ಇನ್ನೊಬ್ಬರು ಜಾಸ್ತಿ ಅಂತಾರೆ. ಬಗ್ಗಿ, ಬೋರ್ಡಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದೆ. ನಡುವೆ ಉಬ್ಬಿದೆ. ಮೂಲೆಗಳು ಕೆಳಗೆ.

ರಟ್ಟು, ಪ್ಲೈವುಡ್ಡು ಹೀಗೆ ಡೊಂಕಾಗುವುದು ಒಂದೇ ಕಾರಣಕ್ಕೆ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಎಲ್ಲಿಡ್ತೀರಿ ಇದನ್ನ?"

"ಕೆಳಗೆ," ಅಂದರು ಇವರು.

"ಯಾರ ಕೆಳಗೆ?"

ಇವರು ಸೂರು ನೋಡಿದರು. ತಂಗಿಯ ಗಂಡ ಕೈಗಡಿಯಾರ ನೋಡಿದ. ಒಪ್ಪಂದ! ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅವನು ಎರಡು ಸಲ ಕೆಮ್ಮಿದ. ಆ ಕೆಮ್ಮನ್ನು ಹದಿನೈದು ದಿನದಿಂದ ಕೇಳುತ್ತಿದ್ದೇನೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ಮೇ 7

ಅವಳು ಹೊರಗೆ ಹೋದದ್ದು ನೋಡಿಕೊಂಡು ಹಿತ್ತಲಿನ ಗಾಳಿಕಿಂಡಿಯಿಂದ ಬಗ್ಗಿ ನೋಡಿದೆ. ಈ ವಯಸ್ಸಿನಲ್ಲಿ, ಕಳ್ಳಿಯ ಹಾಗೆ.

ಅವಳ ಕೆಳಗಿನ ಕೋಣೆ. ಪೆಟ್ಟಿಗೆಗಳೆಲ್ಲ ಇಟ್ಟಿಗೆಯ ಮೇಲೆ. ನೆಲದಲ್ಲಿ ಮೂರು ಟ್ರೇ, ಮೂರರಲ್ಲೂ ನೀರು. ಗಂಡನ ರಿಪೇರಿ ಮೇಜು ನಡುಮಧ್ಯಕ್ಕೆ ಬಂದಿದೆ. ನಡುಗೋಡೆಯ ಮೇಲೆ ಎದೆಮಟ್ಟಕ್ಕೆ ಕಪ್ಪು ಕಲೆ, ನಮ್ಮ ಲೇಪ ಎಲ್ಲಿಗೆ ನಿಂತಿದೆಯೋ ಹೆಚ್ಚುಕಡಿಮೆ ಅಲ್ಲಿಯವರೆಗೆ.

ದಾರಿ ಬದಲಾಯಿಸ್ತದೆ ಅಷ್ಟೆ. ಹೇಳಿದ್ದ. ಕಿವಿಯಪ್ಪನಿಗೆ ಚಹಾ ಕೊಟ್ಟು ಕಳಿಸಿದ್ದೆ.

ಮೇ 19

ಹನ್ನೆರಡು ದಿನ ಬರೆದಿಲ್ಲ. ಬರೆಯುವುದಕ್ಕೆ ಮುಖವಿರಲಿಲ್ಲ. ಆ ಹನ್ನೆರಡು ದಿನದಲ್ಲಿ ಹದಿನಾರು ರಿಜಿಸ್ಟರು ಕಟ್ಟಿದೆ. ಒಣಗಿದ ಕೋಣೆಯಲ್ಲಿ, ಬೆಚ್ಚಗೆ ಕೂತು. ಅದನ್ನೂ ಬರೆದುಬಿಡುತ್ತೇನೆ.

ಒಂದೊಂದು ದಿನ ಒಂದೊಂದು ಸಮಾಧಾನ ಹುಡುಕಿದೆ. ಅವಳೂ ಬಳಿಸಿಕೊಳ್ಳಲಿ. ಕೇಳಿಕೊಂಡು ಬರಲಿ, ಬೇಡವೆಂದೆನೆ? ಇದಕ್ಕೂ ನಮ್ಮದಕ್ಕೂ ಸಂಬಂಧವೇ ಇಲ್ಲ, ಈ ವರ್ಷ ಮಳೆ ಜಾಸ್ತಿ. ಎಲ್ಲವನ್ನೂ ಮನಸ್ಸಿನಲ್ಲಿ ಚೆನ್ನಾಗಿ ವಾದಿಸಿ ಗೆದ್ದೆ. ಗೆದ್ದು ಕೂತಾಗಲೆಲ್ಲ ಗೋಡೆಯಾಚೆ ಕೆಮ್ಮು.

ಅವಳು ಒಂದು ಸಲವಾದರೂ ಬಂದು ಬೈದಿದ್ದರೆ ಚೆನ್ನಾಗಿತ್ತು. ಅವಳ ಬಾಯಿ ಎಂಥದ್ದೆಂದು ನನಗೆ ಗೊತ್ತು. ಯಾಕೆ ಸುಮ್ಮನಿದ್ದಾಳೆ?

ಮೇ 20

ಕಿವಿಯಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಾನು ಆವತ್ತೇ ಹೇಳಿದ್ದೆನಲ್ಲ" ಅನ್ನಲಿಲ್ಲ. ದೊಡ್ಡ ಮನುಷ್ಯ.

"ಪೈಪು ಹಾಕೋ ತನಕ ಅವರಿಗೆ ಸ್ವಲ್ಪ ಕಮ್ಮಿ ಆಗೋ ಹಾಗೆ ಏನಾದ್ರೂ ಇದ್ಯಾ?"

"ನಿಮ್ಮ ಕಡೆ ಲೇಪ ಒಡೆದ್ರೆ ನೀರು ಹಂಚಿಕೊಳ್ತದೆ. ಮತ್ತೆ ನಿಮ್ಮ ಕೋಣೆ ಒದ್ದೆ. ಬೇಡಮ್ಮ. ಹೋಗಿ ಮಾತಾಡಿ, ಅದು ಕಡಿಮೆ ಖರ್ಚು."

ಅವನಿಗೇನು ಗೊತ್ತು ಖರ್ಚು.

ಮೇ 21. ಸಂಜೆ

ಮೊದಲು ರಿಜಿಸ್ಟರುಗಳನ್ನೆಲ್ಲ ಮೇಲೆ ಸಾಗಿಸಿದೆ. ನಮ್ಮ ಮಲಗುವ ಕೋಣೆಯ ಮಂಚದ ಮೇಲೆ ನೂರು ವರ್ಷದ ಹುಟ್ಟು ಸಾವು. ಇವರಿಗೆ ಸೋಫಾ.

ಆಮೇಲೆ ಉಳಿ, ಬೈಂಡಿಂಗ್ ಸುತ್ತಿಗೆ ಹಿಡಿದು ನಡುಗೋಡೆಯ ಬುಡದಲ್ಲಿ ಕೂತೆ. ಮೊದಲ ಏಟಿಗೆ ಇವರು ಓಡಿ ಬಂದರು.

"ಏನೇ ಮಾಡ್ತಿದ್ದೀಯಾ! ಅರವತ್ತೆರಡು ಸಾವಿರ ಅದು!"

"ಗೊತ್ತು. ಎಣಿಸಿ ಕೊಟ್ಟೋಳು ನಾನೇ."

"ತಲೆ ನೆಟ್ಟಗಿದ್ಯಾ?"

"ಇವತ್ತು ನೆಟ್ಟಗಾಗಿದೆ. ಟಾರ್ಚ್ ಹಿಡೀರಿ."

ಹಿಡಿದರು. ಗೋಡೆಯ ಉದ್ದಕ್ಕೂ, ನೆಲ ಸೇರುವಲ್ಲಿ ಒಂದು ಗೇಣು ಅಗಲಕ್ಕೆ ಒಡೆದೆ. ಗಟ್ಟಿಯಾಗಿಯೇ ಬಳಿದಿದ್ದ, ಸುಳ್ಳು ಹೇಳಬಾರದು. ಬೆರಳು ತರಚಿತು. ಮಧ್ಯಾಹ್ನದ ಹೊತ್ತಿಗೆ ಒಡೆದ ಜಾಗ ಕಪ್ಪಾಗತೊಡಗಿತು, ಮೆಲ್ಲಗೆ ಬೆವರಿದ ಹಾಗೆ. ಜೀವನದಲ್ಲಿ ಗೋಡೆ ಒದ್ದೆಯಾಗಲಿ ಅಂತ ಕಾದು ಕೂತದ್ದು ಇದೇ ಮೊದಲು.

ಹೋಗಿ ಮಾತಾಡುವ ಧೈರ್ಯ ಇರಲಿಲ್ಲ. ಅದಕ್ಕೇ ಇದು.

ಮೇ 25, ಭಾನುವಾರ. ಬೆಳಿಗ್ಗೆ 11

ಇಪ್ಪತ್ತೇಳು. ಏಳು ಗ್ರಾಂ ನನ್ನ ಕಡೆಗೆ ಬಂದಿದೆ. ತೂಗಿ ಬರೆದಿಟ್ಟೆ.

ಏಳಕ್ಕೆ ಸರಿಯಾಗಿ ಆ ಕಡೆ ಟಕ್. ಆಮೇಲೆ ಸದ್ದಿಲ್ಲ. ಹತ್ತು ನಿಮಿಷ ಬಿಟ್ಟು ಹಿತ್ತಲ ಬಾಗಿಲಲ್ಲಿ ಹೆಜ್ಜೆ. ಇವರೇ ಅಂದುಕೊಂಡು "ಚಪ್ಪಲಿ ಹೊರಗೆ ಬಿಡಿ" ಅಂತ ಕೂಗಿದೆ.

"ಬಿಟ್ಟೇ ಬಂದಿದ್ದೀನಿ."

ತಂಗಿ. ಮೆಟ್ಟಿಲ ಮೇಲೆ. ತಲೆಗೂದಲು ಅರ್ಧ ನೆರೆತಿದೆ. ದಿನಾ ದೂರದಿಂದ ನೋಡಿದವಳೇ, ಆದರೂ ಇಷ್ಟು ಹತ್ತಿರದಿಂದ ಮೂರು ವರ್ಷವಾಗಿತ್ತು. ಕೈಯಲ್ಲಿ ಒಂದು ಹಳೆಯ ನೋಟುಪುಸ್ತಕ.

"ಯಾಕೆ ಒಡೆದೆ?" ಅಂದಳು.

"ನಿನಗೆ ಹೇಗೆ ಗೊತ್ತು?"

ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟಳು. ಅಪ್ಪನ ಪುಸ್ತಕ. ಅಪ್ಪನ ಅಕ್ಷರ, ಅಪ್ಪನ ಗೆರೆ, ತಾರೀಖು ಒಂದು ಕಡೆ, ಗ್ರಾಂ ಒಂದು ಕಡೆ. ಆ ಪುಸ್ತಕ ಅಪ್ಪನ ಜೊತೆಗೇ ಮುಗಿಯಿತು ಅಂದುಕೊಂಡಿದ್ದೆ. ಪುಟ ಮಗುಚಿದೆ. ಅಪ್ಪನ ಅಕ್ಷರ ನಿಂತ ಸಾಲಿನ ಮುಂದಿನ ಸಾಲಿನಿಂದಲೇ ಅವಳದು ಶುರು. ಒಂದು ಭಾನುವಾರ ತಪ್ಪಿಲ್ಲ. ಮೂರು ವರ್ಷ.

ಏಳರ ಟಕ್ಕು. ಹಲಗೆಗೆ ಆನಿಸಿದ ಕಬ್ಬಿಣ ತೆಗೆದು ಕೆಳಗಿಡುವ ಸದ್ದು. ನನ್ನದೂ ಆ ಕಡೆ ಹಾಗೇ ಕೇಳುತ್ತಿತ್ತೇನೋ.

ನನ್ನ ಪಟ್ಟಿ ತೆಗೆದು ಪಕ್ಕದಲ್ಲಿಟ್ಟೆ. ಇಬ್ಬರೂ ಬೆರಳಿಟ್ಟು ಓದಿದೆವು. ಮಾರ್ಚ್ ಮೊದಲಿಗೆ ನನಗೆ ಒಂಬತ್ತು, ಅವಳಿಗೆ ನಾಲ್ಕು. ಲೇಪ ಆದ ಮೇಲೆ ನನಗೆ ಎರಡು, ಅವಳಿಗೆ ಹತ್ತು. ಮೇ ತಿಂಗಳಲ್ಲಿ ನನಗೆ ಎರಡು, ಅವಳಿಗೆ ಹನ್ನೆರಡು. ಇವತ್ತು ನನಗೆ ಏಳು, ಅವಳಿಗೆ ಆರು. ಕೂಡಿಸಿದರೆ ಎಲ್ಲ ಹನ್ನೆರಡು, ಹದಿಮೂರು, ಹದಿನಾಲ್ಕು. ನನ್ನ ಮನೆಯಿಂದ ಹೋದದ್ದು ಗ್ರಾಂ ಲೆಕ್ಕದಲ್ಲಿ ಅವಳ ಮನೆಗೆ ಹೋಗಿದೆ.

"ಮೊದಲನೇ ವಾರನೇ ಗೊತ್ತಾಯ್ತಾ ನಿನಗೆ?"

"ಗೊತ್ತಾಗದೆ ಏನು? ಈ ಕಡೆ ನಾಲ್ಕು ದಿನ ಕೆರೆದ್ರು, ಆ ಕಡೆ ಹತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ಪ್ರೆಸ್ಸಿನ ಹಿಡಿ ಹಿಡಿದುಕೊಂಡು ನಿಂತಳು. ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಹಾಗೇ.

"ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ರಿಜಿಸ್ಟರ್ ಇಳಿಸಿದ್ದು ನಾನೂ ನೋಡಿದ್ದೆ." ಆಮೇಲೆ ಮೆಲ್ಲಗೆ, "ಅದಕ್ಕಿಂತ... ಹೇಳಿದ ಮೇಲೂ ನೀನು ಕೆಲಸ ನಿಲ್ಲಿಸ್ದೇ ಇದ್ದಿದ್ರೆ? ಅದನ್ನ ತಿಳ್ಕೊಳ್ಳೋದು ನನಗೆ ಬೇಡವಾಗಿತ್ತು ಅಕ್ಕ."

ಎದೆಗೆ ನಾಟಿತು. ಯಾಕೆಂದರೆ ಹನ್ನೆರಡು ದಿನ ನಾನು ನಿಲ್ಲಿಸಿರಲಿಲ್ಲ. ಹೇಳಿಬಿಟ್ಟೆ: ಬೋರ್ಡು ನೋಡಿದ್ದು, ಕಿಂಡಿಯಿಂದ ಇಣುಕಿದ್ದು, ಹದಿನಾರು ರಿಜಿಸ್ಟರು. ಅವಳು ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಮಾತ್ರ ಹಳೆಯ ತಂಗಿ.

"ಹನ್ನೆರಡೇ ದಿನಾನಾ? ನೀನು ತಿಂಗಳು ತಗೋತೀಯ ಅಂದ್ಕೊಂಡಿದ್ದೆ."

ನಕ್ಕೆ. ನಗುತ್ತಾ ಅತ್ತೆ, ಅಳುವುದು ನಿಲ್ಲಲೇ ಇಲ್ಲ, ನಾಚಿಕೆಗೇಡು.

ಹೊರಡುವಾಗ ಅವಳೇ ಎತ್ತಿದಳು. "ಫ್ರೇಮು... ಅದಕ್ಕೆ ನೆಪ ಏನೂ ಇಲ್ಲ ಅಕ್ಕ. ಜಾಗ ಇರ್ಲಿಲ್ಲ, ನೋಡಿದಾಗೆಲ್ಲ ಅಪ್ಪ ನೆನಪಾಗ್ತಿದ್ರು, ಕೊಟ್ಬಿಟ್ಟೆ. ಗಾಡಿ ತಿರುವು ದಾಟೋ ಮುಂಚೆನೇ ತಪ್ಪಾಯ್ತು ಅನ್ನಿಸ್ತು."

ಅವಳು ಅವಳದನ್ನು ಹೇಳಿದಳು. ನಾನು ನನ್ನದನ್ನು ಹೇಳಬೇಕಿತ್ತು. ಬಾಯಿಯವರೆಗೆ ಬಂತು. "ಚಹಾ ಕುಡೀತೀಯಾ?" ಅಂದುಬಿಟ್ಟೆ.

ಮೇ 26

ಮೇಡಂಗೆ ಫೋನ್. ಇದ್ದದ್ದು ಇದ್ದ ಹಾಗೆ ಹೇಳಿದೆ.

"ನೀವೇ ಒಡೆದ್ರಾ?"

"ನಾನೇ."

"ಇನ್ನು ಐದು ವಾರ ಕೊಡ್ತೀನಿ. ಅಲ್ಲೀವರೆಗೆ ರಿಜಿಸ್ಟರ್‌ಗಳು ಒಣಗಿದ ಕೋಣೇಲಿರ್ಬೇಕು, ಮಂಚದ ಮೇಲಲ್ಲ. ಜೂನ್ ಮೂವತ್ತಕ್ಕೆ ಅಳತೆ. ಸರಿಹೋಗದಿದ್ರೆ ಎಲ್ಲ ವಾಪಸ್."

ತಂಗಿಯ ಮನೆಯ ಮೇಲಿನ ಮುಂಗೋಣೆಗೆ ದಿನವಿಡೀ ಬಿಸಿಲು. ಅವಳೇ ಅಂಗಡಿಯಿಂದ ಮೀಟರ್ ಕೊಂಡು ತಂದು ಅಳೆದಳು, ಐವತ್ತೆರಡು. ರಿಜಿಸ್ಟರುಗಳೆಲ್ಲ ಅಲ್ಲಿಗೆ ಹೋದವು, ನಾಲ್ಕು ಜನರ ತೋಳಿನ ಮೇಲೆ. ಇವರಿಗೆ ಮಂಚ ವಾಪಸ್ ಸಿಕ್ಕಿತು.

ಜೂನ್ 4

ಮಳೆ ಬಿಡುವು ಕೊಟ್ಟಿದೆ. ಕಿವಿಯಪ್ಪ ಇಬ್ಬರು ಆಳುಗಳೊಂದಿಗೆ ಹಿತ್ತಲು ಅಗೆಯುತ್ತಿದ್ದಾನೆ. ಖರ್ಚು ಅರ್ಧರ್ಧ. ಅಗೆದ ಮಣ್ಣಿನ ಗುಡ್ಡೆ ಇಬ್ಬರ ಹಿತ್ತಲಿಗೂ ಸಮನಾಗಿ ಬಿದ್ದಿದೆ, ಅದರಲ್ಲೂ ನ್ಯಾಯ.

ಅಡಿಪಾಯದ ಬುಡ ಕಂಡಿತು. ಒಂದೇ ಕಲ್ಲು, ಈ ತುದಿಯಿಂದ ಆ ತುದಿಯವರೆಗೆ. ನಡುಗೋಡೆಯ ಗುರುತು ಅಲ್ಲಿಗೆ ಇಳಿದೇ ಇಲ್ಲ. ಇಬ್ಬರೂ ಗುಂಡಿಯ ಅಂಚಿನಲ್ಲಿ ನಿಂತು ನೋಡಿದೆವು. "ಅಪ್ಪ ಒಳ್ಳೆ ಕಲ್ಲು ಹಾಕಿಸಿದ್ರು," ಅಂದಳು. ಹೌದು ಅಂದೆ.

ಜೂನ್ 11

ಟಾರು ಎರಡು ಕೋಟು. ಮೇಲೆ ದಪ್ಪ ಹಾಳೆ. ಕಿವಿಯಪ್ಪನ ಆಳು ಹಾಳೆ ಅಂಟಿಸುವಾಗ ಗಾಳಿ ಗುಳ್ಳೆ ಬಿಡುತ್ತಿದ್ದ. ತಡೆಯಲಾಗಲಿಲ್ಲ. ಗುಂಡಿಗಿಳಿದು ತೋರಿಸಿಕೊಟ್ಟೆ, ನಡುವಿನಿಂದ ಅಂಚಿಗೆ ಒತ್ತಬೇಕು, ಪುಸ್ತಕಕ್ಕೆ ಬಟ್ಟೆ ಹಾಕುವಾಗ ಮಾಡುವ ಹಾಗೆ. ತಂಗಿ ಆ ಕಡೆಯಿಂದ ಇಳಿದಳು. ಇಬ್ಬರೂ ಸೇರಿ ಮನೆಗೆ ರಟ್ಟು ಕಟ್ಟಿದೆವು. ಕಿವಿಯಪ್ಪ ಸೊಂಟದ ಮೇಲೆ ಕೈ ಇಟ್ಟು ನೋಡಿದ.

"ಕೂಲಿ ಕೇಳ್ಬೇಡಿ ಮತ್ತೆ."

ಬುಡದಲ್ಲಿ ಪೈಪು, ಜಲ್ಲಿ. ಅವಳ ಹಿತ್ತಲಿನಿಂದ ಬೀದಿಗೆ. ಸಂಜೆ ಒಂದು ಬಕೆಟ್ ನೀರು ಸುರಿದು ನೋಡಿದ. ಚರಂಡಿಯ ಬಾಯಲ್ಲಿ ಷಡ್ಡಕರಿಬ್ಬರೂ ಬಗ್ಗಿ ನಿಂತಿದ್ದರು. "ಬಂತು! ಬಂತು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ಹೊಸ ಕೇರಂ ಬೋರ್ಡು ಬಂದಿದೆ. ನಮ್ಮ ಮನೆಯಲ್ಲಿ ಇಡುವುದಂತೆ.

ಜೂನ್ 17

ಮಣ್ಣು ಮುಚ್ಚಿ ಐದು ದಿನ. ಮೂರು ದಿನದಿಂದ ಜೋರು ಮಳೆ. ನಾನೊಡೆದ ಗೇಣಗಲದ ಪಟ್ಟಿ ಹಾಗೇ ಇದೆ. ಮುಚ್ಚಬೇಡಿ, ಒಣಗಿದ್ದು ಗೊತ್ತಾಗಲಿ ಅಂದಿದ್ದಾನೆ ಕಿವಿಯಪ್ಪ. ಬೆಳಿಗ್ಗೆ ಎದ್ದವಳೇ ಮೊದಲು ಅದನ್ನು ಮುಟ್ಟಿ ನೋಡುವುದಾಗಿದೆ.

ಅಪ್ಪನ ಪುಸ್ತಕದಲ್ಲಿ ಎರಡೇ ಪುಟ ಉಳಿದಿವೆ. ಹೊಸದೊಂದು ಕಟ್ಟುತ್ತಿದ್ದೇನೆ. ಒಳ್ಳೆಯ ಕಾಗದ, ಉದ್ದದ ಬೆನ್ನು, ನೀಲಿ ಬಟ್ಟೆ. ಒಂದು ಪುಟಕ್ಕೆ ಎರಡು ಕಾಲಂ, ಬಲಗಡೆ, ಎಡಗಡೆ. ಮಧ್ಯೆ ಗೆರೆ ಹಾಕಲಿಲ್ಲ. ಮೂರು ವರ್ಷದ ಹಿಂದೆ ಬೀದಿಯಲ್ಲಿ ಅಂದದ್ದಕ್ಕೆ ಇನ್ನೂ ತಪ್ಪಾಯ್ತು ಅಂದಿಲ್ಲ. ಅವಳು ಕೇಳಿಲ್ಲ. ಕೇಳುವುದೂ ಇಲ್ಲ, ಗೊತ್ತು.

ಜೂನ್ 22, ಭಾನುವಾರ. ಬೆಳಿಗ್ಗೆ 7.20

ಇಪ್ಪತ್ತೊಂದು! ಇಷ್ಟು ಮಳೆಗೂ ಒಂದೇ ಗ್ರಾಂ. ಆ ಕಡೆ ಟಕ್, ಮರುಕ್ಷಣವೇ ಮೆಟ್ಟಿಲ ಮೇಲೆ ದಡದಡ. ಅವಳದೂ ಇಪ್ಪತ್ತೊಂದು. ಮೀಟರ್ ಇಟ್ಟೆವು, ಐವತ್ತಾರು. ಮೇಡಂ ಬರಲಿ ಮೂವತ್ತಕ್ಕೆ, ಈಗಲೇ ಬರಲಿ.

ಹೊಸ ಪುಸ್ತಕ ಅವಳ ಮುಂದೆ ತಳ್ಳಿದೆ. ಬೆನ್ನು ಸವರಿದಳು, ಹೊಲಿಗೆ ಎಣಿಸಿದಳು, "ಮೂರನೇ ಟಾಕು ಸೊಟ್ಟ" ಅಂದಳು. ಗೊತ್ತಿತ್ತು ನನಗೆ. ರಟ್ಟು ತೆರೆದಳು. ಒಳಗಿನ ಚೀಟಿಯಲ್ಲಿ ಬರೆದಿದ್ದೇನೆ, ಅಪ್ಪನ ಇಬ್ಬರು ಹೆಣ್ಣುಮಕ್ಕಳದು, ಅಂತ.

ಎದುರಿಗೇ ಕೂತಿದ್ದಾಳೆ. ಚೀಟಿ ಬಿಟ್ಟು ಕಣ್ಣೆತ್ತಿಲ್ಲ ಇನ್ನೂ. ನಾನು ಬರೆಯುವ ನೆಪದಲ್ಲಿ ತಲೆ ತಗ್ಗಿಸಿಕೊಂಡಿದ್ದೇನೆ. ಇಷ್ಟು ಸಾಕಲ್ಲವೆ, ಓದಿದಳಲ್ಲ, ಅರ್ಥವಾಗಿರುತ್ತದೆ ಅಂತ...

"ಬರೆದದ್ದು ಆಯ್ತು ಅಕ್ಕ," ಅನ್ನುತ್ತಿದ್ದಾಳೆ. "ಆವತ್ತು ಬಾಯಲ್ಲಿ ಅಂದೆ. ಇವತ್ತೂ ಬಾಯಲ್ಲೇ ಹೇಳು."

ಸರಿ. ಹೇಳುತ್ತೇನೆ. ಪೆನ್ನು ಕೆಳಗಿಡುತ್ತೇನೆ.